ಸವಳು ಮಣ್ಣಿನ ಮಾಳಿಗೆ

ಕಚ್ಛದ ರಣಕ್ಕೆ ಮೊದಲ ಸಲ ಹೋದಾಗ ಜೀಪಿನಿಂದ ಇಳಿದವಳೇ ಕುಕ್ಕರಗಾಲಿನಲ್ಲಿ ಕೂತೆ. ಬೆರಳು ಎಂಜಲು ಮಾಡಿಕೊಂಡು ಆ ಬಿಳಿ ನೆಲಕ್ಕೆ ಒತ್ತಿ ಬಾಯಿಗಿಟ್ಟುಕೊಂಡೆ. ಜೀಪಿನ ಚಾಲಕ ಒಮ್ಮೆ ನೋಡಿ ಮುಖ ಆ ಕಡೆ ತಿರುಗಿಸಿದ. ಐವತ್ತು ದಾಟಿದ ಹೆಂಗಸು, ಹೆಗಲಿಗೆ ಕುಂಚದ ಚೀಲ ಹಾಕಿಕೊಂಡು ಅಷ್ಟು ದೂರದಿಂದ ಬಂದವಳು, ಬಂದ ಕೂಡಲೇ ಮಣ್ಣು ತಿನ್ನುತ್ತಾಳೆ ಅಂದರೆ ಅವನಾದರೂ ಏನು ತಿಳಿದುಕೊಳ್ಳಬೇಕು. ಅದಾದ ಮೇಲೆ ರಾಜಸ್ಥಾನ, ಲಡಾಖ್ ಅಂತ ಒಣ ನೆಲ ಎಲ್ಲಿದೆಯೋ ಅಲ್ಲೆಲ್ಲ ಅಲೆದೆ. ಧಾರವಾಡದಲ್ಲಿ ನನ್ನ ಚಿತ್ರಗಳ ಪ್ರದರ್ಶನ ಆದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ನೀವು ನವಲಗುಂದದ ಎರಿ ಸೀಮಿಯವರು. ನಿಮಗ ಈ ಮರುಭೂಮಿ ಹುಚ್ಚು ಎಲ್ಲಿಂದ ಹತ್ತಿತ್ರಿ?" ಬೆಳಕು, ಬಯಲು ಅಂತ ಏನೋ ಒಂದು ಹೇಳಿ ಕಳಿಸುತ್ತೇನೆ. ಖರೇ ಉತ್ತರ ನಮ್ಮ ಮನೆಯ ನೆತ್ತಿಯ ಮೇಲಿತ್ತು. ಅದನ್ನು ಹೇಳಹೊರಟರೆ ನಾನು ಬಾಯಿ ಮುಚ್ಚಿಕೊಂಡು ಕಳೆದ ಒಂದು ವರ್ಷದ ಕಥೆಯನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ತಪ್ಪಿಸಿಕೊಂಡೆ.

ನಮ್ಮ ಮನೆ ಒಳಗೆ ಅಗದಿ ಕತ್ತಲು. ಮುಂದೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಯ ಬಾಜು ಕಾಳುಕಡಿ ಇಡುವ ಕೋಣೆ. ಗೋಡೆ ಎರಡು ಮೊಳ ದಪ್ಪ, ಕಿಟಕಿ ಎಂಬುದಿಲ್ಲ. ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಮಾತ್ರ. ಆ ಒಂದು ಬೆಳಕಿನ ಕೋಲು ಮುಂಜಾನೆ ದೇವರ ಜಗಲಿಯ ಬುಡದಲ್ಲಿ ಬೀಳುತ್ತಿತ್ತು, ಮಧ್ಯಾಹ್ನ ಪಡಸಾಲೆಯ ನಡುವೆ, ಇಳಿಹೊತ್ತಿಗೆ ಕಂಬ ಹತ್ತುತ್ತಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗಡಿಯಾರ ನೋಡಿದವಳೇ ಅಲ್ಲ. ಬೆಳಕು ಕಂಬದ ಬುಡ ಮುಟ್ಟಿತೆಂದರೆ ಅವ್ವನಿಗೆ ಕೂಗು ಹಾಕುವಳು, "ಹೊತ್ತು ಕಂಬಕ್ಕ ಬಂತು, ರೊಟ್ಟಿ ಬಡಿಯಾಕ ಕುಂದರಬೇ." ಅವ್ವ ಬೇಕಂತಲೇ ತಡ ಮಾಡುವಳು, ಅತ್ತೆ ಸೊಸೆ ಜಗಳ ಅಲ್ಲಿಂದ ಸುರು. ನಾನು ಆ ಬೆಳಕಿನಲ್ಲಿ ಕೈಯಿಟ್ಟು ತಿರುವಿ ತಿರುವಿ ನೋಡುತ್ತ ಕೂರುತ್ತಿದ್ದೆ. ಬೆರಳಿನ ಅಂಚು ಕೆಂಪಾಗುತ್ತಿತ್ತು, ಅಂಗೈ ಗೆರೆಗಳು ಕರಿಯಾಗುತ್ತಿದ್ದವು. ಆಯಿ ವಿಭೂತಿ ಹಚ್ಚಿದ ಹಣೆಯನ್ನು ಆ ಬೆಳಕಿಗೆ ತಂದಾಗ ಮುಖ ಕತ್ತಲಲ್ಲೇ ಉಳಿದು ಮೂರು ಬಿಳಿ ಗೆರೆ ಮಾತ್ರ ಕಾಣುತ್ತಿದ್ದವು. ಯಾಕೆ ಹಾಗೆ ಅಂತ ಕೇಳಿದರೆ, "ಸುಮ್ನ ಕುಂದರಲೇ ನೀಲಿ, ತಲಿ ತಿನಬ್ಯಾಡ" ಅನ್ನುವಳು. ನಾನು ಕೇಳಿದ ನೂರು ಪ್ರಶ್ನೆಗೆ ತೊಂಬತ್ತು ಸಲ ನನಗೆ ಸಿಕ್ಕದ್ದು ಇದೇ ಉತ್ತರ.

ಮಾಳಿಗೆ ಅಂದರೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಸಿಬಿರು, ಎಲ್ಲದರ ಮೇಲೆ ಮೊಳದಷ್ಟು ಮಣ್ಣು. ಆ ಮಣ್ಣು ಹೊಲದ ಕರಿ ಎರೆ ಆಗಿರಬಾರದು. ಎರೆ ಮಣ್ಣು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿದ ಮೇಲೆ ಮಾಳಿಗೆಯೂ ಒಂದೇ ಜರಡಿಯೂ ಒಂದೇ. ಅದಕ್ಕೆ ಸವಳು ಮಣ್ಣು ಬೇಕು: ಉಪ್ಪು ಕೂಡಿದ, ಬೂದಿಯಂತೆ ಬೆಳ್ಳಗಿನ, ಏನೂ ಬೆಳೆಯದ ಮಣ್ಣು. ನೀರು ಬಿದ್ದರೆ ಅದು ಮೇಣದಂತೆ ಕೂಡಿಕೊಂಡು ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಆ ಮಣ್ಣು ಹುಡುಕಿ ತಂದು ಹಾಕುವವರು ಹುಸೇನಸಾಬ ಕಾಕಾ. ಯುಗಾದಿ ಮುಗಿದು ಮಳೆ ಸುರುವಾಗುವುದರೊಳಗೆ ನಮ್ಮೂರು, ಮೊರಬ, ಸುತ್ತಿನ ಹಳ್ಳಿಗಳ ಮಾಳಿಗೆ ಎಲ್ಲ ಅವರ ಕೈಯಲ್ಲೇ ಆಗಬೇಕು. ಬೆಣ್ಣಿಹಳ್ಳದ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಹಿಡಿ ಎತ್ತಿ ನಾಲಿಗೆಯ ತುದಿಗೆ ಇಟ್ಟು ನೋಡುತ್ತಿದ್ದರು. ಉಪ್ಪು ಕಡಿಮೆ ಅನಿಸಿದರೆ ಥೂ ಅಂತ ಉಗುಳಿ ಮುಂದೆ ಹೋಗುವರು. "ನಾಲಿಗಿ ಹೂಂ ಅಂದ ಮ್ಯಾಲೆ ಸಲಿಕಿ" ಅನ್ನುವುದು ಅವರ ಮಾತು. ಹುಸೇನಸಾಬನ ಮಾಳಿಗೆ ಸೋರಿತು ಅಂತ ಯಾರೂ ಕೇಳಿದ್ದಿಲ್ಲ, ಅವರಿಗೆ ಇದ್ದ ಆಸ್ತಿ ಅದೊಂದೇ ಹೆಸರು.

ಬೇಸಿಗೆಯಲ್ಲಿ ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದರೆ ಕಾಲಡಿಗೆ ಬೆಳ್ಳನೆಯ ಸವಳು, ಕಣ್ಣು ಹಾಯುವ ತನಕ ಕರಿ ಎರೆ. ಜೋಳ, ಕಡಲೆ, ಹತ್ತಿ ಎಲ್ಲ ಮನೆ ಸೇರಿ ನೆಲ ಬರಿದಾಗಿ, ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು. ನಮ್ಮ ಹೊಲದ ಹುಣಸೆಮರ ಬಿಟ್ಟರೆ ಒಂದು ಮರವಿಲ್ಲ, ಒಂದು ದಿನ್ನೆಯಿಲ್ಲ. ಬಿಸಿಲುಗುದುರೆ ಎದ್ದಾಗ ದೂರದ ರಸ್ತೆಯಲ್ಲಿ ಹೋಗುವ ಬಸ್ಸು ನೀರಿನ ಮೇಲೆ ತೇಲಿದ ಹಾಗೆ ಕಾಣುತ್ತಿತ್ತು. ಆ ಬಿರುಕುಗಳ ಮೇಲೆ ನನಗೆ ಎಲ್ಲಿಲ್ಲದ ಆಸೆ. ಒಮ್ಮೆ ಅಪ್ಪನ ಜೊತೆ ಹೊಲಕ್ಕೆ ಹೋದಾಗ ದಾರಕ್ಕೆ ಕಲ್ಲು ಕಟ್ಟಿ ಒಂದು ಬಿರುಕಿನೊಳಗೆ ಇಳಿಬಿಟ್ಟೆ. ನನ್ನ ಎದೆಯ ತನಕ ಬರುವಷ್ಟು ದಾರ ಒಳಗೆ ಹೋಯಿತು, ಕಲ್ಲು ನೆಲ ಮುಟ್ಟಲೇ ಇಲ್ಲ. ಎಲ್ಲ ಬಿರುಕೂ ಸೇರಿ ಐದು ಮೂಲೆ, ಆರು ಮೂಲೆಯ ಹಲಿಗೆಗಳನ್ನು ಯಾಕೆ ಮಾಡುತ್ತವೆ, ಮೊದಲ ಬಿರುಕು ಎಲ್ಲಿ ಹುಟ್ಟುತ್ತದೆ, ಹುಟ್ಟುವಾಗ ಸಪ್ಪಳ ಬರುತ್ತದೆಯೋ ಇಲ್ಲವೋ? ಅಪ್ಪನನ್ನು ಕೇಳಿದೆ.

"ಅಪ್ಪಾ, ನೆಲಾ ಬಿರಿಯೂದನ್ನ ನೀ ನೋಡೀಯೇನ?"

"ಬಿರಿದದ್ದನ್ನ ನೋಡೀನಿ. ಬಿರಿಯೂದನ್ನ ನೋಡಕೋಂತ ಕುಂತ್ರ ಎತ್ತಿಗೆ ನೀರು ಯಾರು ಕುಡಸಬೇಕು?"

ಅದರೊಳಗೆ ಹಾವು ಚೇಳು ಇರುತ್ತವೆ, ಇನ್ನೊಮ್ಮೆ ಬೇಸಿಗೆ ಹೊಲಕ್ಕೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಅಂತಲೂ ಹೇಳಿದ. ಅಪ್ಪ ಆಡಿದರೆ ಆಡಿದ ಹಾಗೆ ಮಾಡುವ ಮನುಷ್ಯ. ನಾನು ಹೊಲದ ಆಸೆ ಬಿಟ್ಟೆ, ಬಿರುಕಿನ ಆಸೆ ಬಿಡಲಿಲ್ಲ.

ನನಗೆ ಆಗ ಒಂಬತ್ತರ ಸುಮಾರು. ಆ ವರ್ಷ ಹುಸೇನಸಾಬ ಕಾಕಾ ನಮ್ಮ ಮಾಳಿಗೆ ಮುಗಿಸಿ ಹೋದ ಮರುವಾರ ಅವ್ವ ಹಿತ್ತಲಲ್ಲಿ ಹೊಸ ಒಲೆ ಹಾಕಲು ಎರೆ ಮಣ್ಣು ನೆನೆ ಇಟ್ಟಿದ್ದಳು. ಅದಕ್ಕೆ ಜೋಳದ ಹೊಟ್ಟು, ಸಗಣಿ ಹಾಕಿ ತುಳಿಯುತ್ತಿದ್ದಳು. ಹೊಟ್ಟು ಯಾಕೆ ಅಂತ ಕೇಳಿದೆ. "ಹೊಟ್ಟು ಹಾಕದಿದ್ರ ಒಣಗಿದ ಕೂಡಲೇ ಟರ್ರಂತ ಬಿರೀತೈತಿ" ಅಂದಳು. ಅಷ್ಟು ಸಾಕಾಯಿತು ನನಗೆ. ಹೊಟ್ಟು ಹಾಕದ ಮಣ್ಣನ್ನು ಮೊದಲು ಒಂದು ತಾಟಿನಲ್ಲಿ ಹರವಿ ನೋಡಿದೆ; ಕೂದಲೆಳೆಯಷ್ಟು ಬಿರಿದು ಸುಮ್ಮನಾಯಿತು. ನನಗೆ ಬೇಕಾಗಿದ್ದದ್ದು ದಾರ ಇಳಿಬಿಡುವಂಥ ಬಿರುಕು. ಅದಕ್ಕೆ ಮಣ್ಣು ದಪ್ಪ ಇರಬೇಕು, ಅಗಲ ಇರಬೇಕು, ದಿನವಿಡೀ ಬಿಸಿಲು ಬೀಳಬೇಕು, ಯಾರ ಕಣ್ಣಿಗೂ ಬೀಳಬಾರದು. ಅಂಥ ಜಾಗ ಇಡೀ ಮನೆಯಲ್ಲಿ ಒಂದೇ. ಮಾಳಿಗೆಯ ಹಿಂದಿನ ಮೂಲೆಯಲ್ಲಿ ಹತ್ತಿಕಟಿಗೆ ಒಟ್ಟಿದ್ದರು, ಅದರ ಮರೆಯಲ್ಲಿ ಕಳೆ ಕೀಳುವ ಕುರಪಿ ಹಿಡಿದು ಕೂತೆ. ಹೊಸ ಸವಳು ಮಣ್ಣನ್ನು ಕೆರೆದು ಕೆರೆದು, ಸಿಬಿರು ಕಾಣುವ ತನಕ ತೆಗೆದು ಕೆಳಗೆ ಚೆಲ್ಲಿದೆ. ಒಂದು ಮೊರದಷ್ಟು ಅಗಲದ ಗುಂಡಿ ಆಯಿತು. ಎರಡು ದಿನ ಮಧ್ಯಾಹ್ನ ಎಲ್ಲರೂ ಮಲಗಿದಾಗ ಬುಟ್ಟಿಯಲ್ಲಿ ಎರೆ ಹೊತ್ತು ತಂದು ಅದನ್ನು ತುಂಬಿ, ಕೈಯಿಂದ ಬಡಿದು ಸಾಪು ಮಾಡಿದೆ. ಮಾಳಿಗೆ ಕೆಡಿಸುತ್ತಿದ್ದೇನೆ ಅಂತ ಒಮ್ಮೆಯಾದರೂ ಅನಿಸಿತೇ? ಇಲ್ಲ. ಅನಿಸಿತ್ತು ಅಂತ ಬರೆದರೆ ಸುಳ್ಳಾಗುತ್ತದೆ.

ಆಮೇಲೆ ಕಾಯ್ದೆ. ಅವ್ವನ ಹಳೆ ಸೀರೆ ತಲೆಗೆ ಹೊದ್ದುಕೊಂಡು, ಉರಿಬಿಸಿಲಲ್ಲಿ, ಕಣ್ಣು ಮಿಟುಕಿಸದೆ. ಮೊದಲ ದಿನ ಮಣ್ಣಿನ ಹೊಳಪು ಹೋಯಿತು. ಎರಡನೆಯ ದಿನ ಅಂಚಿನ ಬಣ್ಣ ತಿಳಿಯಾಯಿತು. ಬಿರುಕು ಅಂಚಿನಲ್ಲೇ ಹುಟ್ಟುತ್ತದೆ ಅಂತ ನಾನು ಅಂಚನ್ನೇ ನೋಡುತ್ತ ಕೂತಿದ್ದೆ. ಮೂರನೆಯ ದಿನ ಅದು ನಟ್ಟನಡುವೆ, ಒಂದು ಹರಳು ಸಿಕ್ಕಿಕೊಂಡ ಜಾಗದಲ್ಲಿ ಹುಟ್ಟಿತು. ನನ್ನ ಕಣ್ಣೆದುರಿಗೇ ಮೂರು ಕಡೆ ಕಾಲು ಚಾಚಿತು. ಸಪ್ಪಳ ಏನೂ ಇಲ್ಲ. ಕೂಗಿ ಯಾರಿಗಾದರೂ ಹೇಳಬೇಕು ಅನಿಸಿತು, ಹೇಳುವ ಹಾಗಿರಲಿಲ್ಲ. ಕೆಳಗೆ ಓಡಿ, ಒಲೆಯಿಂದ ಇದ್ದಲಿ, ಗೋಡೆಗೆ ತೂಗಿದ್ದ ಹಳೆ ಕ್ಯಾಲೆಂಡರ್ ಎರಡನ್ನೂ ಎತ್ತಿಕೊಂಡು ಬಂದೆ. ಹಾಳೆಯ ಹಿಂದಿನ ಖಾಲಿ ಬದಿಯಲ್ಲಿ ಆ ಮೂರು ಕಾಲನ್ನು ಬಿಡಿಸಿದೆ. ಮರುದಿನ ಅದಕ್ಕೆ ಮರಿಗಳಾಗಿದ್ದವು, ಅವನ್ನೂ ಬಿಡಿಸಿದೆ. ದೊಡ್ಡ ಬಿರುಕನ್ನು ಸಣ್ಣದು ಬಂದು ಮುಟ್ಟುವಾಗ ನೆಟ್ಟಗೆ ಬಂದು ಮುಟ್ಟುತ್ತದೆ, ವಾರೆಯಾಗಿ ಬರುವುದಿಲ್ಲ ಎಂಬುದನ್ನು ನನಗೆ ಯಾವ ಮಾಸ್ತರರೂ ಕಲಿಸಿದ್ದಲ್ಲ. ಹಾಳೆ ಹನ್ನೊಂದಾದವು. ಅವನ್ನು ಸುರುಳಿ ಸುತ್ತಿ ನನ್ನ ಪುಸ್ತಕದ ಚೀಲದ ತಳಕ್ಕೆ ಇಟ್ಟುಕೊಂಡೆ.

ಮೊದಲ ಮಳೆ ಒಂದು ಸಂಜೆ ಒಮ್ಮೆಲೇ ಬಂತು. ಸುತ್ತಿನ ಮನೆಯವರೆಲ್ಲ ಖುಷಿಯಲ್ಲಿ ಕಟ್ಟೆಗೆ ಬಂದು ನಿಂತರು, ನಾವೂ ನಿಂತೆವು. ಸ್ವಲ್ಪ ಹೊತ್ತಿಗೆ ಆಯಿ ಒಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಕಾಳಿನ ಕೋಣೆಯ ಮೂಲೆಯಲ್ಲಿ ಜಂತಿಯ ಸಂದಿಯಿಂದ ನೀರು ದಾರದಂತೆ ಇಳಿಯುತ್ತಿದೆ. ಅದರ ಕೆಳಗೇ ಶಾವಿಗೆಯ ಬುಟ್ಟಿಗಳು. ಓಣಿಯ ಹೆಂಗಸರೆಲ್ಲ ಕೂಡಿ ಎಂಟು ದಿನ ಹೊಸೆದ ಶಾವಿಗೆ, ವರ್ಷದ ಹಬ್ಬಕ್ಕೆ, ಬಂದುಹೋಗುವ ಬೀಗರಿಗೆ, ಬಾಣಂತಿಯರಿಗೆ ಅಂತ ತೆಗೆದಿಟ್ಟದ್ದು. ಎರಡು ಬುಟ್ಟಿ ಕರಿ ರಾಡಿಯಲ್ಲಿ ಮುದ್ದೆಯಾಗಿದ್ದವು. ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ಅತ್ತೆ ಸೊಸೆ ಒಟ್ಟಿಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಆ ನೀರಿಗೆ ಬೆರಳು ಹಿಡಿದು ಮೂಸಿ ನೋಡಿದ. ಎರೆ ಹೊಲದಲ್ಲಿ ಹುಟ್ಟಿ ಬೆಳೆದವನಿಗೆ ಎರೆ ನೀರು ಗೊತ್ತಾಗುವುದಿಲ್ಲವೇ. "ಸವಳಿನ ನೀರು ಬೆಳ್ಳಗ ಬರಬೇಕು. ಇದು ಎರಿ. ಹಳ್ಳದ ತನಕ ಹೋಗಾಕ ಬ್ಯಾಸರಾಗಿ ಹೊಲದ ಮಣ್ಣು ಕೂಡಿಸ್ಯಾನ ಮಗಾ" ಅಂದ. ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನ ಕೈ ನೋಡಿದೆ, ಬಾಯಿ ತೆರೆಯಲಿಲ್ಲ.

ಮರುದಿನ ಮುಂಜಾನೆ ಹುಸೇನಸಾಬ ಕಾಕಾನನ್ನು ಕರೆಸಿದರು. ಮಳೆಯ ಸುದ್ದಿ ಮಾತಾಡಲು ಕಟ್ಟೆಯ ಮೇಲೆ ಮೂರು ನಾಲ್ಕು ಮಂದಿ ಕೂತಿದ್ದರು. ಅವರೆಲ್ಲರ ಮುಂದೆ ಅಪ್ಪ ಕೇಳಿದ.

"ಏನ್ ಹುಸೇನಸಾಬ, ನಿನ್ನ ನಾಲಿಗಿ ರುಚಿ ಕೆಟ್ಟೈತೋ, ನಿಯತ್ತು ಕೆಟ್ಟೈತೋ?"

ಕಾಕಾ ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಒಳಗೆ ಹೋಗಿ ಗೋಡೆಯ ಕರಿ ಕಲೆ ನೋಡಿದರು. ಅವರ ಮುಖ ಸಣ್ಣದಾಯಿತು. ನಿಚ್ಚಣಿಕೆ ಹತ್ತಿದರು. ಭಾಳ ಹೊತ್ತು ಇಳಿಯಲಿಲ್ಲ. ಮೇಲೆ ಏನಿದೆ ಅಂತ ನನಗೆ ಗೊತ್ತಿತ್ತು: ಮೊರದಷ್ಟು ಅಗಲದ ಕರಿ ಎರೆ, ಇದ್ದಲಿಯ ಚೂರುಗಳು, ಮಣ್ಣು ಬಡಿದು ಸಾಪು ಮಾಡಿದ ಕಡೆ, ಹತ್ತಿಕಟಿಗೆಯ ಅಡಿಗೆ ಮಳೆ ತಾಗದ ಅಂಚಿನಲ್ಲಿ ಮೂಡಿದ ನನ್ನ ಅಂಗೈ. ಅಷ್ಟು ಸಣ್ಣ ಕೈಯ ಹುಡುಗಿ ಆ ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಕಾಕಾ ಇಳಿದು ಬಂದರು. ಕೈ ಕರ್ರಗಾಗಿತ್ತು. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ.

"ಹೌದ್ರಿ ಗೌಡ್ರ, ಎರಿ ಕೂಡೈತಿ. ನಂದ ತಪ್ಪು. ಮಾಡಿಕೊಡತೀನಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಳೆ ಎರಡು ದಿನ ಬಿಡುವು ಕೊಟ್ಟಾಗ ಕಾಕಾ ಸವಳು ತಂದು ಒಬ್ಬರೇ ಆ ಮೂಲೆಯನ್ನು ಅಗೆದು ತುಂಬಿದರು. ಅವ್ವ ನನ್ನ ಕೈಯಲ್ಲಿ ಚಹಾ ಕೊಟ್ಟು ಮೇಲೆ ಕಳಿಸಿದಳು. ಕಪ್ಪು-ಬಶಿ ಇಟ್ಟು ಓಡಬೇಕು ಅಂದುಕೊಂಡಿದ್ದೆ. ಕಾಕಾ ಮಣ್ಣು ತುಳಿಯುತ್ತಲೇ, ಹವಾಮಾನ ಕೇಳಿದ ಹಾಗೆ ಕೇಳಿದರು.

"ತಂಗಿ, ಮೊದಲ ಎಲ್ಲಿ ಬಿರೀತು?"

ಸುಳ್ಳು ಹೇಳಲು ಬರಲೇ ಇಲ್ಲ. "ನಟ್ಟನಡುವ" ಅಂದೆ.

"ದಂಡಿಗೆ ಅಲ್ಲ?"

"ಅಲ್ಲ. ಹರಳಿನ ಹತ್ತಿರ."

ಅವರು ತುಳಿಯುವುದು ನಿಲ್ಲಿಸಿದರು. "ಇಷ್ಟು ವರ್ಷ ಮಾಳಗಿ ಮಾಡೇನಿ, ದಂಡಿಯಿಂದ ಅಂತನ ತಿಳಕೊಂಡಿದ್ದೆ ನೋಡು" ಅಂದರು. ಒಂದು ಚಿಟಿಕೆ ಸವಳು ತೆಗೆದು ತಮ್ಮ ನಾಲಿಗೆಗೆ ಇಟ್ಟು, ಇನ್ನೊಂದು ಚಿಟಿಕೆ ನನ್ನ ಅಂಗೈಗೆ ಹಾಕಿದರು. ನಾನೂ ನೆಕ್ಕಿದೆ. ಉಪ್ಪು, ಅದರ ಹಿಂದೆ ಸ್ವಲ್ಪ ಕಹಿ, ಆಮೇಲೆ ನಾಲಿಗೆ ಒಣಗಿದ ಹಾಗೆ. ಅವರು ಚಹಾ ಕುಡಿದು ಬಶಿ ನನ್ನ ಕೈಗೆ ಕೊಟ್ಟರು. ಬೇರೆ ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚಲೋ ಇತ್ತು ಅಂತ ಎಷ್ಟೋ ದಿನ ಅನಿಸಿದೆ.

ಆ ವರ್ಷ ನಮ್ಮ ಮನೆಯ ಮಾಳಿಗೆ ಮತ್ತೆ ಸೋರಲಿಲ್ಲ, ಮಾತು ಸೋರಿತು. ಹುಸೇನಸಾಬ ಎರೆ ಕೂಡಿಸಿದನಂತೆ, ತಾನೇ ಒಪ್ಪಿಕೊಂಡನಂತೆ. ಬಾವಿಕಟ್ಟೆಯಲ್ಲಿ ಕೇಳಿದೆ, ಹಿಟ್ಟಿನ ಗಿರಣಿಯಲ್ಲಿ ಕೇಳಿದೆ. ಶಾಲೆಯಲ್ಲಿ ಅವರ ಮೊಮ್ಮಗಳು ಮುಮ್ತಾಜ್ ನನ್ನ ಬಾಜು ಕೂರುತ್ತಿದ್ದಳು. ಒಂದು ದಿನ ಯಾರೋ ಅವಳಿಗೆ "ಎರಿ ಸಾಬನ ಮೊಮ್ಮಗಳು" ಅಂದರು. ಅವಳು ಪಾಟಿಯ ಮೇಲೆ ತಲೆಯಿಟ್ಟುಕೊಂಡಳು, ನಾನು ನನ್ನ ಪಾಟಿ ಒರೆಸುತ್ತ ಕೂತೆ. ಮನೆಯಲ್ಲಿ ಶಾವಿಗೆ ಇಲ್ಲದ ಹಬ್ಬ ಬಂದಾಗಲೆಲ್ಲ ಆಯಿ ನಿಟ್ಟುಸಿರು ಬಿಟ್ಟು "ಉಪ್ಪು ತಿಂದವ ನೀರು ಕುಡಿಯಾಕಬೇಕು" ಅನ್ನುವಳು. ಅವಳು ಹೇಳುತ್ತಿದ್ದದ್ದು ಕಾಕಾನಿಗೆ. ನಾನು ಎದ್ದು ಹೋಗಿ ಕೊಡದ ನೀರು ಕುಡಿಯುತ್ತಿದ್ದೆ. ಚೀಲದ ತಳದ ಹಾಳೆಗಳನ್ನು ಒಲೆಗೆ ಹಾಕಬೇಕು ಅಂತ ಎರಡು ಸಲ ತೆಗೆದೆ. ಎರಡು ಸಲವೂ ಬಿಚ್ಚಿ ನೋಡಿ, ಆ ಮೂರು ಕಾಲಿನ ಬಿರುಕಿಗೆ ಮನಸೋತು, ಮತ್ತೆ ಸುತ್ತಿಟ್ಟೆ.

ಮತ್ತೆ ಯುಗಾದಿ ಬಂತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ, ಈ ಸಲ ಮಾಳಿಗೆಗೆ ಅಣ್ಣಿಗೇರಿ ಕಡೆಯ ಮನುಷ್ಯನನ್ನು ಕರೆಸುತ್ತೇನೆ, ಇನ್ನೂ ಎರಡು ಮನೆಯವರು ಅವನನ್ನೇ ಹಿಡಿದಿದ್ದಾರೆ ಅಂದ. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಹಾಳೆಗಳನ್ನು ತಂದು ಬೆಳಕಿಂಡಿಯ ಕೆಳಗೆ, ಆ ಬೆಳಕಿನ ಚೌಕದಲ್ಲಿ ಒಂದೊಂದಾಗಿ ಹರವಿದೆ. ಅಪ್ಪ ಕೈ ತೊಳೆದು ಬಂದು ಬಗ್ಗಿ ನೋಡಿದ. ನೋಡುತ್ತ ಅಲ್ಲೇ ನೆಲಕ್ಕೆ ಕೂತ.

"ಇದು ನಮ್ಮ ಹುಣಸೀಮರದ ಹೊಲ ಅಲ್ಲೇನ?"

ನಾನು ಸುರುಳಿಕೊಳ್ಳುತ್ತಿದ್ದ ಹಾಳೆಯ ಅಂಚು ಒತ್ತಿ ಹಿಡಿದೆ.

"ಅದ ಖರೇ! ಹಿಂಗ ಬಿರೀತೈತಿ ಅದು. ಈ ಚಿತ್ರ ಯಾವಾಗ ತಗದೆಲೇ ನೀಲಿ? ಭಾಳ ಛಂದ ತಗದೀ." ಅವ್ವನನ್ನು ಕರೆದ, ಆಯಿಯನ್ನು ಕರೆದ. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲ ಸಲ. ಬಗ್ಗಿದ ಅವನ ಮುಖದ ಮೇಲೆ ಬೆಳಕು ಬಿದ್ದಿತ್ತು, ಆ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಬೇಕು ಅಂತ ಎಷ್ಟು ಆಸೆಯಾಯಿತೋ ಹೇಳಲಾರೆ.

"ಹೊಲ ಅಲ್ಲ ಅಪ್ಪಾ" ಅಂದೆ. "ನಮ್ಮ ಮಾಳಗಿ. ಎರಿ ಹಾಕಿದಾಕಿ ನಾನು."

ಆ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ. ಏಟು ಬೀಳಲಿಲ್ಲ. ಅಪ್ಪ ಎದ್ದು ಗೂಟದ ಅಂಗಿ ತೊಟ್ಟು, ಹಬ್ಬಕ್ಕೆ ಸುತ್ತುವ ರುಮಾಲು ಸುತ್ತಿಕೊಂಡ. "ಅವನ್ನ ತಗೋ, ನಡಿ" ಅಂದ. ಉರಿಬಿಸಿಲಲ್ಲಿ ಊರ ನಡುವಿನ ಹಾದಿಯಲ್ಲಿ ಅವನು ಮುಂದೆ, ನಾನು ಹಾಳೆ ಅವುಚಿಕೊಂಡು ಹಿಂದೆ. ನಮ್ಮ ಕಟ್ಟೆಯ ಮೇಲೆ ಅವತ್ತು ಕೂತಿದ್ದವರಲ್ಲಿ ಇಬ್ಬರು ದಾರಿಯಲ್ಲಿ ಸಿಕ್ಕರು. "ನೀವೂ ಬರ್ರಿ, ಒಂದು ಮಾತೈತಿ" ಅಂತ ಅವರನ್ನೂ ಕರೆದುಕೊಂಡ. ಹುಸೇನಸಾಬ ಕಾಕಾ ತಮ್ಮ ಮನೆಯ ಮುಂದೆ ಸಲಿಕೆಗೆ ಹಿಡಿ ಕೂರಿಸುತ್ತಿದ್ದರು. ಮುಮ್ತಾಜ್ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ನಿಂತುಕೊಂಡೇ ಹೇಳಿದ.

"ಹುಸೇನಸಾಬ, ಎರಿ ನಿಂದಲ್ಲ, ನಮ್ಮ ಮನೀದು. ತಪ್ಪು ನಮ್ಮದು, ನಾ ಆಡಿದ ಮಾತೂ ತಪ್ಪು. ಇವರ ಮುಂದ ಹೇಳಾಕತ್ತೀನಿ."

"ಕುಂದರ್ರಿ ಗೌಡ್ರ, ಬಿಸಲಾಗ ಬಂದೀರಿ" ಅಂದರು ಕಾಕಾ.

ಇಷ್ಟರಿಂದ ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಮಾಳಿಗೆ ನಮ್ಮದು ಮತ್ತೆ ಅವರ ಕೈಗೆ ಬಂತು, ಆ ಎರಡು ಮನೆಯವರು ಮಾತ್ರ ಕಡೆತನಕ ಅವರನ್ನು ಕರೆಯಲಿಲ್ಲ. ಎಂಟು ಹತ್ತು ವರ್ಷದವಳು ಮಾಡಿದ್ದು ಅಂತ ಊರು ನನ್ನನ್ನು ಕ್ಷಮಿಸಿತು. ಒಂದು ವರ್ಷ ಸುಮ್ಮನಿದ್ದದ್ದಕ್ಕೆ ನಾನು ನನ್ನನ್ನು ಕ್ಷಮಿಸಿಲ್ಲ. ಆದರೆ ಅವತ್ತು ಕಾಕಾ ಕೇಳಿದ್ದು ಅದೊಂದನ್ನೂ ಅಲ್ಲ. ನನ್ನ ಕೈಯ ಸುರುಳಿಯ ಕಡೆ ಕೈ ಚಾಚಿದರು. ಹನ್ನೊಂದು ಹಾಳೆಯನ್ನೂ ಒಂದೊಂದಾಗಿ, ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ನಡುವಿನ ಹರಳಿನ ಮೇಲೆ ಬೆರಳಿಟ್ಟು ಹೂಂ ಅಂದರು. ಕೊನೆಯ ಹಾಳೆಯಲ್ಲಿ ಬಿರುಕುಗಳ ಸುತ್ತ ನಾನು ಹಾಗೇ ಬಿಟ್ಟಿದ್ದ ಖಾಲಿ ಜಾಗವನ್ನು ತೋರಿಸಿ ಕೇಳಿದರು.

"ಎರಿ ತಗದೀ. ನನ್ನ ಸವಳು ಎಲ್ಲೈತಿ ತಂಗಿ?"

ಒಂದು ವರ್ಷ ಆ ಬಿರುಕುಗಳನ್ನೇ ನೋಡಿದ್ದೆ. ಅವುಗಳ ಸುತ್ತಲಿನ ಬಿಳಿ ನೆಲ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಕಾಕಾ ಎದ್ದು ಮನೆಯ ಹಿಂದಿನ ರಾಶಿಯಿಂದ ಒಂದು ಹಿಡಿ ತಂದು ಬಟ್ಟಲಿಗೆ ಹಾಕಿ ನೀರು ಬಿಟ್ಟರು. ಮುಮ್ತಾಜ್ ಒಳಗಿನಿಂದ ಜಾಲಿಯ ಅಂಟು ತಂದಳು. ಮೂವರೂ ಕೂಡಿ ಕಲಸಿದೆವು. "ಹಚ್ಚು" ಅಂದರು. ಬೆರಳಲ್ಲಿ ಅದ್ದಿ ಹಚ್ಚಿದೆ, ಒಂದೊಂದು ಬಿರುಕಿನ ಅಂಚಿನ ತನಕ, ಎಲ್ಲೂ ಸಂದು ಬಿಡದೆ. ಅಪ್ಪ ಅವರ ಮನೆಯವರು ಕೊಟ್ಟ ಚಹಾ ಆರಿಸಿಕೊಂಡು ಕೂತೇ ಇದ್ದ. ಬಿಸಿಲಿಗೆ ಹಾಳೆ ಕ್ಷಣದಲ್ಲಿ ಒಣಗಿ ಬೆಳ್ಳಗಾಯಿತು, ಅದರ ನಡುವೆ ಇದ್ದಲಿಯ ಕರಿ ಇನ್ನೂ ಆಳಕ್ಕೆ ಇಳಿದಂತಾಯಿತು. ಕಾಕಾ ಅದನ್ನು ಎತ್ತಿ ಸೂರ್ಯನಿಗೆ ಅಡ್ಡ ಹಿಡಿದು, ಮುಗಿದ ಮಾಳಿಗೆಯನ್ನು ಒಳಗಿನಿಂದ ನಿಂತು ನೋಡುವ ಹಾಗೆ, ಎಲ್ಲಾದರೂ ಬೆಳಕು ತೂರಿ ಬರುತ್ತದೆಯೇ ಅಂತ ತಲೆಯೆತ್ತಿ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

"ಈಗ ಸೋರೂದಿಲ್ಲ" ಅಂದರು.